ಹರಕೆ ಅಂಗಿ ತೊಟ್ಟವಳು

ಬ್ರಾಂಕ್ಸ್, ನ್ಯೂಯಾರ್ಕ್
12 ಜನವರಿ 1994

ಪ್ರೀತಿಯ ಅವಿಲ್ದಾ,

ಈ ಪತ್ರದ ಜೊತೆ ಒಂದು ಕಾಮಿಕ್ ಪುಸ್ತಕ ಕಳಿಸಿದ್ದೇನೆ. ಮೊದಲು ರಕ್ಷಾಪುಟ ತಿರುಗಿಸಿ ಒಳಗೆ ನೋಡು. ‘ಕಥೆ: ಸೊರೈದಾ ಕೊಯಾಸೊ’ ಎಂದು ಅಚ್ಚಾಗಿದೆ. ಆರು ವರ್ಷ ಈ ಕಂಪನಿಯಲ್ಲಿ ಬೇರೆಯವರ ನಾಯಕರಿಗೆ ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆದುಕೊಂಡು ಕೂತಿದ್ದೆ. ಈಗ ನಾನು ಹೇಳಿದ ಮಾತಿಗೆ ಬೇರೆಯವರು ಅಕ್ಷರ ಬರೆಯುತ್ತಾರೆ.

ನಾಯಕಿಯ ಹೆಸರು ಯಾರಿತ್ಸಾ. ಹದಿನಾಲ್ಕು ವರ್ಷದ ಪೋರ್ಟೊರಿಕೊ ಹುಡುಗಿ. ಅವಳ ಪುಟ್ಟ ತಂಗಿಗೆ ಮಿದುಳು ಜ್ವರ ಬಂದು ಸಾಯುವ ಹಾಗಾದಾಗ ಅವರ ತಾಯಿ ಚರ್ಚಿನ ಕಾರ್ಮೆನ್ ಮಾತೆಗೆ ಹರಕೆ ಹೊರುತ್ತಾಳೆ. ಚಿಕ್ಕವಳು ಉಳಿದರೆ ದೊಡ್ಡವಳು ಹದಿನೈದು ತುಂಬುವವರೆಗೆ ಕಂದು ಬಣ್ಣದ ಹರಕೆ ಅಂಗಿ ಬಿಟ್ಟು ಬೇರೇನೂ ತೊಡುವುದಿಲ್ಲ ಎಂದು. ಶಾಲೆಯಲ್ಲಿ ಎಲ್ಲರೂ ನಗುತ್ತಾರೆ. ಆದರೆ ಸೊಂಟದ ಹಗ್ಗದಲ್ಲಿ ಏಳು ಗಂಟುಗಳಿವೆ. ಒಂದೊಂದು ಗಂಟು ಬಿಚ್ಚಿದಾಗಲೂ ಅವಳಿಗೆ ಒಂದೊಂದು ಶಕ್ತಿ ಬರುತ್ತದೆ. ಏಳನೆಯದು ಬಿಚ್ಚುವ ಹೊತ್ತಿಗೆ ತಾನು ಯಾರು ಎಂದು ಅವಳಿಗೆ ತಿಳಿಯಬೇಕು.

ನಮ್ಮ ಸಂಪಾದಕಿ ಗ್ಲಾಡಿಸ್ ಮೊದಲ ನಾಲ್ಕು ಪುಟ ಓದಿ, “ಸೊರೈದಾ, ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ?” ಎಂದಳು.

ನನಗೆ ಕೆಲವು ವಿವರ ಬೇಕು. ನಿನ್ನ ಅಂಗಿಯ ಬಟ್ಟೆ ಯಾವುದು, ಯಾರು ಹೊಲಿದರು, ಶಾಲೆಯಲ್ಲಿ ಏನೆಂದು ಕರೆಯುತ್ತಿದ್ದರು. ನೆನಪಿದ್ದಷ್ಟು ಬರೆ. ಫೋನ್ ಮಾಡಬೇಡ, ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಪುಸ್ತಕವನ್ನೂ ಅವಳಿಗೆ ತೋರಿಸಬೇಡ.

ನಿನ್ನ ಅಕ್ಕ,
ಸೊರೈದಾ


ಉತುವಾದೊ, ಪೋರ್ಟೊರಿಕೊ
27 ಜನವರಿ 1994

ಅಕ್ಕಾ,

ಪುಸ್ತಕವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಶಾಲೆಯ ಅಡುಗೆಮನೆಗೆ ಒಯ್ದೆ. ತನ್ನ ಕೈ ಎಣ್ಣೆಯಾಗಿದ್ದರಿಂದ ಹಿರಿಯ ಅಡುಗೆಯವಳು ದೋನ್ಯಾ ಮೊನ್ಸೆರಾತೆ ನನ್ನಿಂದಲೇ ಹಾಳೆ ತಿರುಗಿಸಿಕೊಂಡು ಎಲ್ಲ ಪುಟ ನೋಡಿದಳು.

“ಅವಿ, ಇದು ನೀನೇ ಅಲ್ವೇನೇ?”

“ನಾನೇ ಇರ್ಬೇಕು ದೋನ್ಯಾ.”

“ನೀನೇ ಕಣೆ. ಮೂಗೊಂದು ನಿನಗಿಂತ ಚೆನ್ನಾಗಿ ಬರ್ದಿದಾರೆ, ಅಷ್ಟೇ.”

ಊಟದ ಸಾಲಿನಲ್ಲಿ ನಿಂತ ಮಕ್ಕಳಿಗೂ ಸುದ್ದಿ ಮುಟ್ಟಿದೆ. “ಮಿಸ್ಸಿ, ನಿಮ್ ಹಗ್ಗ ಎಲ್ಲಿ? ಗಂಟು ಬಿಚ್ಚಿದ್ರೆ ಕೋಳಿ ತುಂಡು ಎರಡು ಬರುತ್ತಾ?” ಎಂದು ಒಬ್ಬಳು ಕೇಳಿದಳು. ಅವಳಿಗೆ ಎರಡು ತುಂಡು ಹಾಕಿದೆ.

ನೀನು ಅಂಗಿ ತೊಟ್ಟ ನನ್ನನ್ನು ಅಕ್ಕ ಮಾಡಿ, ಕಾಯಿಲೆ ಬಿದ್ದ ನಿನ್ನನ್ನು ತಂಗಿ ಮಾಡಿದ್ದೀಯ. ಕಥೆಗೆ ಹಾಗೆ ಬೇಕಾಗಿರಬಹುದು. ಅಮ್ಮನಿಗೆ ಗುರುತು ಸಿಗದಿರಲಿ ಎಂದೂ ಇರಬಹುದು. ನನಗೇನೂ ಬೇಜಾರಿಲ್ಲ. ಆ ಎಂಟು ವರ್ಷ ಯಾರಿಗಾದರೂ ನೆನಪಿದೆ ಎಂದೇ ನಾನು ಅಂದುಕೊಂಡಿರಲಿಲ್ಲ.

ಈಗ ವಿವರ. ಬಟ್ಟೆ ಒರಟು ಹತ್ತಿಯದು. ಹೊಲಿದವಳು ಚರ್ಚಿನ ಹಿಂದಿನ ಮನೆಯ ಕುಂಟ ದರ್ಜಿ ಹೆಂಗಸು. ಎರಡೇ ಅಂಗಿ, ಒಂದು ಮೈಮೇಲೆ, ಒಂದು ತಂತಿಯ ಮೇಲೆ. ಮಳೆ ಹಿಡಿದರೆ ತಂತಿಯ ಮೇಲಿನದು ಒಣಗದೆ, ಹಸಿಯಂಗಿಯನ್ನೇ ತೊಟ್ಟು ಹೋಗುತ್ತಿದ್ದೆ. ಹಗ್ಗ ಹಳದಿ. ಗಂಟು ಏಳಲ್ಲ, ಮೂರು. ತೊಟ್ಟವಳು ತಾನೇ ಬಿಚ್ಚುವಂತಿರಲಿಲ್ಲ, ಅಮ್ಮನೇ ಬಿಚ್ಚಬೇಕಿತ್ತು. ಶಾಲೆಯಲ್ಲಿ ನನ್ನ ಹೆಸರು ‘ಆಲೂಗಡ್ಡೆ ಚೀಲ’. ಚೆಂಡಾಟದಲ್ಲಿ ಒಮ್ಮೆ ಬೇಲಿಯವರೆಗೆ ಹೊಡೆದೆ. ಓಡುವಾಗ ಅಂಗಿ ಕಾಲಿಗೆ ಸಿಕ್ಕಿ ಬಿದ್ದೆ. ಎದುರು ತಂಡದವರು ನಗುತ್ತಾ ಕೂತುಬಿಟ್ಟರು, ನನ್ನನ್ನು ಔಟ್ ಮಾಡಲೂ ಯಾರೂ ಬರಲಿಲ್ಲ.

ಇನ್ನೂ ಬೇಕಾದರೆ ಕೇಳು.

ನಿನ್ನ,
ಅವಿ


ಬ್ರಾಂಕ್ಸ್
9 ಮಾರ್ಚ್ 1994

ಅವಿ,

ಎರಡನೆಯ ಸಂಚಿಕೆ ಕಳಿಸಿದ್ದೇನೆ. ಹದಿನೊಂದನೆಯ ಪುಟ ನೋಡು. ಎದುರು ತಂಡದವರು ನಗುತ್ತಾ ಕೂತಿದ್ದಾರೆ, ಅವಳು ಎದ್ದು ನಿಂತು ಎರಡನೆಯ ಗಂಟಿಗೆ ಕೈ ಹಾಕುತ್ತಾಳೆ. ಬ್ರಾಂಕ್ಸಿನ ಅಂಗಡಿಗಳಲ್ಲಿ ಹುಡುಗಿಯರು ಈ ಪುಟವನ್ನು ತೆರೆದಿಟ್ಟುಕೊಂಡು ನಿಂತೇ ಓದುತ್ತಿದ್ದಾರಂತೆ.

ಇನ್ನಷ್ಟು ಬರೆ. ನಿನಗೆ ಏನನ್ನಿಸಿತು ಎಂಬುದು ಬೇಡ, ಏನಾಯಿತು ಎಂಬುದಷ್ಟೇ ಬೇಕು. ಅನ್ನಿಸಿದ್ದನ್ನು ನಾನು ಬರೆದುಕೊಳ್ಳುತ್ತೇನೆ. ಯಾರಿಗೂ ಹೇಳದೇ ಇದ್ದದ್ದು ಏನಾದರೂ ಇದ್ದರೆ ಅದನ್ನು ಮೊದಲು ಬರೆ. ಈ ತಿಂಗಳ ಕೊನೆಗೆ ಸಿಕ್ಕರೆ ಒಳ್ಳೆಯದು.

ಸೊರೈದಾ


ಉತುವಾದೊ
3 ಏಪ್ರಿಲ್ 1994

ಅಕ್ಕಾ,

ಕೇಳಿದ್ದೀಯ, ಬರೆಯುತ್ತೇನೆ.

ಹನ್ನೆರಡನೆಯ ವಯಸ್ಸಿನಲ್ಲಿ, ಚರ್ಚಿನಲ್ಲಿ ಪೂಜೆಯ ನಡುವೆ, ನಾನು ಮೊದಲ ಸಲ ಮುಟ್ಟಾದೆ. ಅಮ್ಮನ ತೋಳು ಹಿಡಿದು ಎಳೆದೆ. ಅವಳು ಬಗ್ಗಿ ನೋಡಿ, “ಕಂದು ಬಟ್ಟೆ ಅಲ್ವಾ, ಕಾಣಲ್ಲ. ಸುಮ್ಮನೆ ಕೂತ್ಕೊ” ಎಂದಳು. ಪೂಜೆ ಮುಗಿಯುವವರೆಗೆ ಕೂತೆ. ಆಮೇಲೆ ಎಲ್ಲರೂ ಅಂಗಳದಲ್ಲಿ ಕಾಫಿ ಕುಡಿಯುವವರೆಗೂ ಅಲ್ಲೇ ಕೂತಿದ್ದೆ.

ಇನ್ನೊಂದು, ಹದಿನೈದು ತುಂಬಿದ ದಿನದ್ದು. ನೀನಾಗಲೇ ನ್ಯೂಯಾರ್ಕಿಗೆ ಹೋಗಿದ್ದೆ. ಬೆಳಿಗ್ಗೆ ಚರ್ಚಿನ ಒಳಕೋಣೆಯಲ್ಲಿ ಅಮ್ಮ ಗಂಟು ಬಿಚ್ಚಿ ಅಂಗಿ ತೆಗೆದಳು. ನೀನು ಬಿಟ್ಟುಹೋಗಿದ್ದ ಗುಲಾಬಿ ಉಡುಪು ಹಾಕಿದಳು. ಹೊರಗೆ ಬಂದಾಗ ಕಾಲಿಗೆ ಗಾಳಿ ತಗಲಿತು. ನಡೆಯಲು ಬರಲಿಲ್ಲ. ಹುಟ್ಟುಹಬ್ಬದ ಕೂಟದಲ್ಲಿ ಪದ್ಧತಿಯಂತೆ ಮಾವ ನನ್ನೊಡನೆ ಎರಡು ಸುತ್ತು ಕುಣಿದು, ಮಂಡಿನೋವು ಎಂದು ಕೂತ. ಬಂದವರಲ್ಲಿ ಒಬ್ಬಳು ಅಮ್ಮನನ್ನು ಕೇಳಿದಳು: “ಹರಕೆ ಹುಡುಗಿ ಎಲ್ಲಿ? ಕಾಣ್ತಾನೇ ಇಲ್ಲ.” ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅಂಗಿಯಿಲ್ಲದೆ ನಾನು ಯಾರೆಂದು ಯಾರಿಗೂ ಗುರುತು ಸಿಗಲಿಲ್ಲ. ಅನ್ನಿಸಿದ್ದು ಬೇಡ ಎಂದಿದ್ದೀಯ, ಆದರೂ ಇದೊಂದನ್ನು ಬರೆಯುತ್ತೇನೆ: ನನಗೂ ಸಿಗಲಿಲ್ಲ.

ಒಂದು ಮಾತು ಕೇಳಲೇ? ಪುಸ್ತಕದಲ್ಲಿ ಎಲ್ಲಾದರೂ, ಕೊನೆಯ ಪುಟದ ಮೂಲೆಯಲ್ಲಾದರೂ ಸರಿ, ನನ್ನ ಹೆಸರು ಬರುತ್ತದೆಯೇ? ದೋನ್ಯಾ ಮೊನ್ಸೆರಾತೆ ಪ್ರತಿ ಸಲ ಹುಡುಕುತ್ತಾಳೆ. ಕಷ್ಟವಾದರೆ ಬೇಡ.

ಅವಿ


ಉತುವಾದೊ
20 ಜೂನ್ 1994

ಅಕ್ಕಾ,

ಏಪ್ರಿಲ್‌ನ ಪತ್ರಕ್ಕೆ ನಿನ್ನಿಂದ ಉತ್ತರ ಬರಲಿಲ್ಲ. ಕೆಲಸ ಇರುತ್ತದೆ. ಆದರೆ ಈಗ ತುರ್ತಾಗಿ ಬರೆಯುತ್ತಿದ್ದೇನೆ.

ನಿನ್ನೆ ಭಾನುವಾರದ ಪತ್ರಿಕೆಯಲ್ಲಿ ನಿನ್ನ ಸಂದರ್ಶನ ಬಂದಿದೆ. ಅರ್ಧ ಪುಟ, ಫೋಟೊ ಸಹಿತ. ಕೂದಲು ಚೆನ್ನಾಗಿ ಕತ್ತರಿಸಿಕೊಂಡಿದ್ದೀಯ. ಬೇಕರಿಯಲ್ಲಿ ದೋನ್ಯಾ ಮೊನ್ಸೆರಾತೆ ಎಲ್ಲರಿಗೂ ಕೇಳುವ ಹಾಗೆ ಓದಿದಳು. ನೀನು ಹೇಳಿದ್ದು ಎಂದು ಅದರಲ್ಲಿ ಹೀಗಿದೆ: ‘ನನ್ನ ಪುಟ್ಟ ತಂಗಿ ಸಾವಿನ ಬಾಯಲ್ಲಿದ್ದಳು. ಅಮ್ಮ ನನಗೆ ಹರಕೆ ಅಂಗಿ ತೊಡಿಸಿದಳು. ಎಂಟು ವರ್ಷ ತೊಟ್ಟೆ. ಶಾಲೆಯಲ್ಲಿ ನನ್ನನ್ನು ಆಲೂಗಡ್ಡೆ ಚೀಲ ಎನ್ನುತ್ತಿದ್ದರು. ಯಾರಿತ್ಸಾಳ ಪ್ರತಿ ಪುಟವೂ ನಾನು ಬದುಕಿದ್ದು.’

ಬೇಕರಿಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ದೋನ್ಯಾನೇ ಕೇಳಿದಳು:

“ಅವಿ, ನಿಂಗೆ ಯಾವಾಗ ಮಿದುಳು ಜ್ವರ ಬಂದಿದ್ದು?”

“ನಂಗಲ್ಲ, ಅಕ್ಕನಿಗೆ.”

“ಮತ್ತೆ ಅಂಗಿ?”

“ನಾನೇ ತೊಟ್ಟಿದ್ದು. ನೀವೇ ನೋಡಿದೀರಲ್ಲ.”

“ನಾನು ನೋಡಿದೀನಿ ಬಿಡು. ಪೇಪರ್‌ನೋನು ನೋಡಿಲ್ಲ.”

ಪತ್ರಕರ್ತರು ಹೀಗೆಯೇ, ಗಡಿಬಿಡಿಯಲ್ಲಿ ಬರೆದುಕೊಳ್ಳುವಾಗ ಎಲ್ಲವನ್ನೂ ತಲೆಕೆಳಗು ಮಾಡುತ್ತಾರೆ. ನಿನ್ನ ಮಾತನ್ನು ಹೀಗೆ ತಿರುಚಿದ್ದಕ್ಕೆ ನನಗೆ ಸಿಟ್ಟು ಬಂತು. ನೀನು ಅಷ್ಟು ದೂರದಲ್ಲಿದ್ದೀಯ, ನಿನ್ನ ಪರವಾಗಿ ಯಾರು ಕೇಳಬೇಕು? ಇವತ್ತು ಬೆಳಿಗ್ಗೆಯೇ ಪತ್ರಿಕೆಗೆ ತಿದ್ದುಪಡಿ ಬರೆದು ಹಾಕಿದೆ. ಕಾಯಿಲೆ ಬಿದ್ದ ವರ್ಷ, ಆಸ್ಪತ್ರೆಯ ಊರು, ಅಂಗಿ ತೊಟ್ಟ ಮತ್ತು ತೆಗೆದ ದಿನಾಂಕ, ಎಲ್ಲ ಇದೆ. ಪುಸ್ತಕದ ಹಿಂದಿನ ವಿಳಾಸ ನೋಡಿ ಗ್ಲಾಡಿಸ್ ಅವರಿಗೂ ಒಂದು ಪ್ರತಿ ಕಳಿಸಿದೆ. ನಿನ್ನ ತಪ್ಪಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೇನೆ.

ನೀನೇನೂ ಚಿಂತೆ ಮಾಡಬೇಡ.

ಅವಿ


ಬ್ರಾಂಕ್ಸ್
30 ಜೂನ್ 1994

ಅವಿಲ್ದಾ,

ನಿನಗೆ ತಲೆ ಇದೆಯೇ? ಯಾರು ಹೇಳಿದರು ನಿನಗೆ ಬರೆಯಲು?

ಪತ್ರಕರ್ತ ಏನೂ ತಪ್ಪು ಬರೆದಿಲ್ಲ. ನಾನು ಹೇಳಿದ್ದನ್ನೇ ಬರೆದಿದ್ದಾನೆ. ಮೊದಲ ದಿನವೇ ಗ್ಲಾಡಿಸ್, “ಇದು ನಿಜವಾಗಿ ನಡೆದದ್ದಾ?” ಎಂದು ಕೇಳಿದಳು. ಹೌದು ಎಂದೆ. “ನಿನಗೇನಾ?” ಎಂದಳು. ಆ ಕೋಣೆಯಲ್ಲಿ ಆರು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಹೌದು ಎಂದೆ. ಇಷ್ಟೇ ಆದದ್ದು.

ಈಗ ನಿನ್ನ ಕಾಗದ ಅವಳ ಮೇಜಿನ ಮೇಲಿದೆ. ಪತ್ರಿಕೆಯವರೂ ಅವಳಿಗೇ ಫೋನ್ ಮಾಡಿ, ಅಚ್ಚು ಹಾಕಲೇ ಬೇಡವೇ ಎಂದು ಕೇಳುತ್ತಿದ್ದಾರೆ. ಗುತ್ತಿಗೆಯ ಪ್ರಕಾರ ಯಾರಿತ್ಸಾ ಕಂಪನಿಯ ಸ್ವತ್ತು. ನಾನು ಸುಳ್ಳು ಹೇಳಿದ್ದೇನೆ ಎಂದಾದರೆ ಅವಳನ್ನು ನನ್ನ ಕೈಯಿಂದ ತೆಗೆದು ಬೇರೆ ಬರಹಗಾರನಿಗೆ ಕೊಡುತ್ತಾರೆ. ಅವನ ಹೆಸರೂ ಗೊತ್ತಾಗಿದೆ. ಉತುವಾದೊ ಎಲ್ಲಿದೆ ಎಂದು ತಿಳಿಯದವನು.

ಒಂದೇ ದಾರಿ ಇದೆ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ‘ಕಾಯಿಲೆ ಬಿದ್ದವಳು ನಾನು, ಹರಕೆ ಅಂಗಿ ತೊಟ್ಟವಳು ನನ್ನ ಅಕ್ಕ, ಹಿಂದಿನ ಪತ್ರ ಅಸೂಯೆಯಿಂದ ಬರೆದದ್ದು’ ಎಂದಿದೆ. ಜುಲೈ ಮುಗಿಯುವುದರೊಳಗೆ ವಕೀಲರ ಎದುರು ಸಹಿ ಮಾಡಿ ಗ್ಲಾಡಿಸ್‌ಗೆ ಕಳಿಸು.

ನಿನಗೇನು ನಷ್ಟ? ನೀನು ಮಕ್ಕಳಿಗೆ ಅನ್ನ ಬಡಿಸುತ್ತೀಯ. ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ. ನಾಳೆಯೂ ಬಡಿಸುತ್ತೀಯ. ನನಗೆ ಇದು ಬಿಟ್ಟರೆ ಮತ್ತೆ ಬೇರೆಯವರ ಗುಳ್ಳೆಯೇ ಗತಿ.

ಸೊರೈದಾ


ಉತುವಾದೊ
11 ಜುಲೈ 1994

ಸೊರೈದಾ,

ಹಾಳೆಯನ್ನು ಓದಿದೆ. ಸಹಿ ಮಾಡುವುದಿಲ್ಲ.

ಯಾರಿತ್ಸಾ ನಿನ್ನವಳು, ಇಟ್ಟುಕೊ. ಚೆಂಡಾಟ, ಪೂಜೆಯ ದಿನ, ಗುಲಾಬಿ ಉಡುಪು, ಎಲ್ಲ ನಾನೇ ಕೊಟ್ಟದ್ದು, ಇಟ್ಟುಕೊ. ನಾನು ಬರೆದದ್ದು ಸುಳ್ಳು ಎಂದು ಮಾತ್ರ ನನ್ನ ಕೈಯಿಂದ ಬರೆಸಬೇಡ. ನಾನು ಮದುವೆಯಾಗಲಿಲ್ಲ, ಊರು ಬಿಡಲಿಲ್ಲ, ಏನನ್ನೂ ಕಲಿಯಲಿಲ್ಲ. ಆದರೆ ಏಳು ವರ್ಷದವಳಿದ್ದಾಗ ಒಬ್ಬರ ಜೀವ ಉಳಿಸಿದೆ. ಅದು ನಿನ್ನ ಜೀವ. ಇಬ್ಬರು ಹೆಣ್ಣುಮಕ್ಕಳಲ್ಲಿ ಅಮ್ಮ ನನ್ನನ್ನು ಆರಿಸಿದಳು. “ನೀನು ಒಳ್ಳೆಯವಳು, ನಿನ್ನ ಮಾತು ಮಾತೆ ಕೇಳ್ತಾಳೆ” ಎಂದು ಹೇಳಿ ಹಗ್ಗ ಕಟ್ಟಿದಳು. ಬಟ್ಟೆ ಕಡಿಯುವಾಗ, ಹುಡುಗಿಯರು ನಗುವಾಗ ಆ ಮಾತನ್ನೇ ನೆನೆದುಕೊಂಡು ನಿಲ್ಲುತ್ತಿದ್ದೆ. ಈಗಲೂ ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆಮನೆಗೆ ಹೋಗುವಾಗ ನಾನು ಬರೀ ಅನ್ನ ಬಡಿಸುವವಳಲ್ಲ ಎಂದು ನನಗೆ ಗೊತ್ತಿರುತ್ತದೆ.

ಅದೊಂದನ್ನು ಕೇಳಬೇಡ.

ಅವಿಲ್ದಾ


ಬ್ರಾಂಕ್ಸ್
17 ಜುಲೈ 1994

ಅವಿಲ್ದಾ,

ಹಾಗಾದರೆ ಕೇಳು. ಇದನ್ನು ಹತ್ತೊಂಬತ್ತು ವರ್ಷ ಹೇಳದೇ ಇದ್ದೆ. ಹೇಳಿಸಿದವಳು ನೀನು.

ಅಮ್ಮ ಹರಕೆ ಹೊತ್ತದ್ದು ನನ್ನ ಹೆಸರಿನಲ್ಲಿ. ಬದುಕಿ ಉಳಿದವಳೇ ತೊಡಬೇಕು ಎಂಬುದೇ ಅವಳು ಕೊಟ್ಟ ಮಾತು. ಪೊನ್ಸೆಯ ಆಸ್ಪತ್ರೆಯಿಂದ ನನ್ನನ್ನು ಮನೆಗೆ ತಂದ ಮರುದಿನ ಕಂದು ಬಟ್ಟೆ ಹಿಡಿದು ಬಂದಳು. “ಸೊರಿ, ಎದ್ದು ನಿಂತ್ಕೊ ಮಗಳೇ, ಅಳತೆ ತೆಗೀಬೇಕು.” ನನಗೆ ಹತ್ತು ವರ್ಷ. ಆ ಬಟ್ಟೆ ನೋಡಿ ಕಿರುಚಿದೆ. ಅಳತೆಪಟ್ಟಿ ಕಿತ್ತು ಎಸೆದೆ. ನೀನು ನೆಲದ ಮೇಲೆ ಕೂತು ಕೆನೆಪಾ ಹಣ್ಣು ಚೀಪುತ್ತಿದ್ದೆ. ನಾನು ನಿನ್ನ ಕಡೆ ಬೆರಳು ತೋರಿಸಿ, “ಅವಳಿಗೆ ಹಾಕು. ಅವಳು ಅಳಲ್ಲ” ಎಂದೆ. ಅಮ್ಮ ಅಳತೆಪಟ್ಟಿ ಹೆಕ್ಕಿಕೊಂಡಳು. ಆಮೇಲೆ ಬಗ್ಗಿ ನಿನ್ನ ಭುಜದ ಅಳತೆ ತೆಗೆದಳು.

ಒಳ್ಳೆಯವಳು ಎಂದು ನಿನ್ನನ್ನು ಯಾರೂ ಆರಿಸಲಿಲ್ಲ. ನೀನು ಹತ್ತಿರದಲ್ಲಿದ್ದೆ.

ಇನ್ನೂ ಇದೆ. ಒಂದು ತಿಂಗಳಾದ ಮೇಲೆ ಅಮ್ಮ ಹೆದರಿ ಪಾದ್ರಿಯನ್ನು ಕೇಳಿದಳು. ನಾನು ಪಕ್ಕದಲ್ಲಿದ್ದೆ. “ಬದುಕಿ ಉಳಿದವಳು ತೊಡ್ಬೇಕು, ಇಲ್ಲಾಂದ್ರೆ ಬಿಟ್ಬಿಡಿ. ಆ ಚಿಕ್ಕ ಮಗೂಗೆ ಹಾಕಿದ್ದು ಹರಕೆ ಅಲ್ಲಮ್ಮ, ಬರೀ ಬಟ್ಟೆ. ತೆಗೆದ್ಬಿಡಿ” ಎಂದರು. ಅಮ್ಮ ತೆಗೆಯಲಿಲ್ಲ. ಅಷ್ಟರಲ್ಲಿ ಇಡೀ ಬೀದಿ ಅವಳ ಭಕ್ತಿಯನ್ನು ಹೊಗಳಿಯಾಗಿತ್ತು.

ನೀನು ಯಾರ ಜೀವವನ್ನೂ ಉಳಿಸಲಿಲ್ಲ. ಎಂಟು ವರ್ಷ ಬರೀ ಬಟ್ಟೆ ತೊಟ್ಟಿದ್ದೆ. ಅದೂ ನನ್ನ ಬಟ್ಟೆ. ನನ್ನ ಹಳೆಯ ಅಂಗಿಗಳನ್ನೆಲ್ಲ ನೀನು ತೊಟ್ಟ ಹಾಗೆ ಅದನ್ನೂ ತೊಟ್ಟೆ. ಈಗ ಹೇಳು, ಸುಳ್ಳು ಹೇಳಿದ್ದು ಯಾರು?

ಸಂದೇಹವಿದ್ದರೆ ಅಮ್ಮನನ್ನೇ ಕೇಳು. ಹಾಳೆಗೆ ಇನ್ನು ಎರಡು ವಾರ ಸಮಯವಿದೆ.

ಸೊರೈದಾ


ಉತುವಾದೊ
29 ಜುಲೈ 1994

ಅಕ್ಕಾ,

ಅಮ್ಮನನ್ನು ಕೇಳಿದೆ. ಜಗಲಿಯಲ್ಲಿ ಕೂತು ಬೀನ್ಸ್ ಕಾಳು ಆರಿಸುತ್ತಿದ್ದಳು.

“ಅಮ್ಮಾ, ಅಂಗಿ ತೆಗೆದ್ಬಿಡಿ ಅಂತ ಪಾದ್ರಿ ಹೇಳಿದ್ರಾ?”

“ಯಾವ ಅಂಗಿ?”

“ಹರಕೆ ಅಂಗಿ.”

“ಓ, ಅದಾ. ಹೇಳಿದ್ರು.”

“ಮತ್ತೆ ಯಾಕೆ ತೆಗೀಲಿಲ್ಲ?”

“ಎಲ್ಲರಿಗೂ ಹೇಳಿಯಾಗಿತ್ತಲ್ಲೇ. ನೀನೂ ಬಾಯ್ಬಿಟ್ಟು ಏನೂ ಅನ್ಲಿಲ್ಲ. ನಿಂಗೆ ಒಪ್ತಾ ಇತ್ತು ಕೂಡ.” ಒಂದು ಕಲ್ಲು ಆರಿಸಿ ಎಸೆದಳು. “ಆ ಪಾತ್ರೆ ಇತ್ತ ತಳ್ಳು.”

ತಳ್ಳಿದೆ.

ಬುಧವಾರ ವಕೀಲರ ಕಚೇರಿಗೆ ಹೋದೆ. ನೀನು ಕಳಿಸಿದ ಹಾಳೆಗೆ ಸಹಿ ಮಾಡಿದೆ. ಕಾಯಿಲೆ ಬಿದ್ದವಳು ನಾನು, ತೊಟ್ಟವಳು ನೀನು, ನನ್ನ ಪತ್ರ ಅಸೂಯೆಯದು. ಮೊಹರು ಬಿದ್ದಿದೆ. ಅಂಗಿ ಇನ್ನು ಕಾನೂನಿನ ಪ್ರಕಾರ ನಿನ್ನದು. ಬರೀ ಬಟ್ಟೆಯಾದ ಮೇಲೆ ನಾನು ಅದನ್ನು ಹಿಡಿದುಕೊಂಡು ಏನು ಮಾಡಲಿ?

ಸಹಿ ಮಾಡುವ ಮುಂಚೆ ವಕೀಲರು, “ಇನ್ನೇನಾದ್ರೂ ಸೇರಿಸ್ಬೇಕೇನಮ್ಮಾ?” ಎಂದು ಕೇಳಿದರು. ಒಂದು ಪ್ಯಾರಾ ಸೇರಿಸಿದೆ. ಅದನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ:

‘ನನ್ನ ಅಕ್ಕ ಹರಕೆ ಅಂಗಿಯನ್ನು ಭಕ್ತಿಯಿಂದ ತೊಟ್ಟಿರಲಿಲ್ಲ. ತಂಗಿ ಸತ್ತರೆ ಹರಕೆಯೂ ಮುಗಿಯುತ್ತದೆ, ಅಂಗಿ ಕಳಚುತ್ತದೆ ಎಂದು ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಹೊಳೆದಿತ್ತು. ಅದಕ್ಕಾಗಿ ಪ್ರತಿ ಭಾನುವಾರ ಕಾರ್ಮೆನ್ ಮಾತೆಯ ಮುಂದೆ ಮಂಡಿಯೂರಿ, ನನ್ನ ಹೆಸರು ಹೇಳಿ, ಜ್ವರ ತಿರುಗಿ ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಯಾವ ತಿಂಗಳಲ್ಲಿ ಬರಲಿ ಎಂಬುದನ್ನೂ ಹೇಳುತ್ತಿದ್ದಳು. ನಾನು ಆರೋಗ್ಯವಾಗಿ ಓಡಾಡುವುದನ್ನು ನೋಡಿದಾಗ ಅವಳು ಮುಖ ತಿರುಗಿಸುತ್ತಿದ್ದಳು. ಇದನ್ನು ಅವಳೇ ನನಗೆ ಹೇಳಿದ್ದಾಳೆ.’

ವಕೀಲರು ಅವತ್ತೇ ಹಾಳೆಯನ್ನು ಫ್ಯಾಕ್ಸ್ ಮಾಡಿದರು, ಗ್ಲಾಡಿಸ್ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದರು. ಬಹಳ ಸಂತೋಷದಲ್ಲಿದ್ದರು. “ನಿಮ್ಮ ಅಕ್ಕ ಇಂಥ ದೊಡ್ಡ ವಿಷಯಾನ ನಮಗೆ ಹೇಳೇ ಇಲ್ಲ ನೋಡಿ, ಎಷ್ಟು ನಾಚಿಕೆ ಅವರಿಗೆ! ಏಳನೇ ಗಂಟು ಅಂದ್ರೆ ಇದೇ!” ಎಂದರು. ಡಿಸೆಂಬರ್ ಸಂಚಿಕೆ ಪೂರ್ತಿ ಇದೇ ಆಗಲಿದೆಯಂತೆ. ಸ್ಯಾನ್ ಹ್ವಾನ್‌ನಲ್ಲಿ ಶಾಲಾ ಹುಡುಗಿಯರ ಮುಂದೆ ನೀನೇ ಓದಬೇಕಂತೆ, ಅಮ್ಮನನ್ನೂ ನನ್ನನ್ನೂ ಮುಂದಿನ ಸಾಲಿನಲ್ಲಿ ಕೂರಿಸುತ್ತಾರಂತೆ. ಅಮ್ಮ ಈಗಾಗಲೇ ಚಪ್ಪಲಿಗೆ ಪಾಲಿಶ್ ತರಿಸಿದ್ದಾಳೆ.

ಆ ಪ್ಯಾರಾ ನಿನ್ನ ವಿಷಯದಲ್ಲಿ ಸುಳ್ಳು ಎಂದು ನೀನು ಹೇಳಬಹುದು. ಆಗ ಅದರ ಮೇಲಿನ ಮೂರು ಸಾಲೂ ಸುಳ್ಳು ಎಂದು ಹೇಳಬೇಕಾಗುತ್ತದೆ. ಹಾಳೆ ಒಂದೇ, ಮೊಹರೂ ಒಂದೇ.

ನಿನಗೆ ಅಂಗಿ ತೊಟ್ಟ ಅಭ್ಯಾಸವಿಲ್ಲ, ಓದಿದ ಮೇಲೆ ಹುಡುಗಿಯರು ಏನಾದರೂ ಕೇಳಿದರೆ ತಡವರಿಸುತ್ತೀಯ. ಅದಕ್ಕೆ ಇದನ್ನು ಬರೆದಿಡುತ್ತೇನೆ. ಮಂಡಿಯೂರಿದ್ದು ಎಡಗಡೆಯ ಮೂರನೆಯ ಬೆಂಚಿನ ತುದಿಯಲ್ಲಿ. ಪ್ರಾರ್ಥನೆಯಲ್ಲಿ ಹೇಳಿದ ಹೆಸರು ಪೂರ್ತಿ ಹೆಸರು, ತಂದೆಯದೂ ತಾಯಿಯದೂ ಸೇರಿ, ಮಾತೆಗೆ ಬೇರೆ ಯಾರೋ ಎಂದು ಗೊಂದಲವಾಗಬಾರದು ಎಂದು. ಎಂಟು ವರ್ಷದಲ್ಲಿ ಒಂದು ಭಾನುವಾರವೂ ನಾನು ತಪ್ಪಿಸಿರಲಿಲ್ಲ.

ಅವಿಲ್ದಾ